ಯಾವ ಆಟ ಆಡಿಸಿದ್ರೆ ಮಗು ಒಳ್ಳೇ ಗುಣ ಕಲಿಯುತ್ತೆ? ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ಮಕ್ಕಳನ್ನ ಗುಂಪು ಕಟ್ಟಿ ಆಟ ಆಡಿಸೋದು ನನ್ನ ಕೆಲಸ ಅಂತ ಗೊತ್ತಾದ ಕೂಡ್ಲೆ ಅಪ್ಪ ಅಮ್ಮಂದಿರು ಕೇಳೋದು ಒಂದೇ, "ನಮ್ಮ ಮಗಂಗೆ ತಾಳ್ಮೆನೇ ಇಲ್ಲ, ಯಾವ ಆಟ ತಂದುಕೊಡ್ಲಿ ಹೇಳಿ." ತಾಳ್ಮೆ ಜಾಗದಲ್ಲಿ ಕೆಲವು ಸಲ ಪ್ರಾಮಾಣಿಕತೆ ಬರುತ್ತೆ, ಕೆಲವು ಸಲ ಹಂಚ್ಕೊಳ್ಳೋದು, ಸೋಲು ತಡ್ಕೊಳ್ಳೋದು. ಕೆಮ್ಮಿಗೆ ಯಾವ ಸಿರಪ್ ಅಂತ ಕೇಳಿದ ಹಾಗೆ. ಅಂಥ ಸಿರಪ್ ನನ್ನ ಹತ್ರ ಇಲ್ಲ ಅಂದ್ರೆ ಮುಖ ಸಪ್ಪಗಾಗುತ್ತೆ, ಅದಕ್ಕೇ ಸ್ವಲ್ಪ ಉದ್ದಕ್ಕೇ ಬರೀತಿದೀನಿ.

ಹಾವು ಏಣಿ ಆಟಾನೇ ತಗೊಳ್ಳಿ. ಭಾರತದ ಹಳೇ ಪಟಗಳಲ್ಲಿ ಏಣಿಗಳಿಗೆ ದಯೆ, ಭಕ್ತಿ ಥರದ ಒಳ್ಳೇ ಗುಣಗಳ ಹೆಸರು, ಹಾವುಗಳಿಗೆ ಕೋಪ, ದುರಾಸೆ, ಸುಳ್ಳು ಇಂಥ ಹೆಸರು ಬರೆದಿರ್ತಿದ್ರು, ಪೂರ್ತಿ ನೀತಿಪಾಠ. ಆದ್ರೆ ಮಗು ಏಣಿ ಹತ್ತೋದು ದಯೆ ತೋರಿಸಿದ್ದಕ್ಕಲ್ವಲ್ಲ, ದಾಳದಲ್ಲಿ ನಾಲ್ಕು ಬಿತ್ತು ಅಂತ ಅಷ್ಟೇ. ಜಾಗ ಕೊಂಡು ಬೇರೆಯವರಿಂದ ಬಾಡಿಗೆ ವಸೂಲಿ ಮಾಡೋ ಬೋರ್ಡ್ ಆಟ ಮೊನಾಪಲಿ ಕಥೆ ಇನ್ನೂ ಮಜಾ. ಅದರ ಮೂಲ ಆಟಕ್ಕೆ 1904ರಲ್ಲಿ ಅಮೆರಿಕಾದಲ್ಲಿ ಪೇಟೆಂಟ್ ತಗೊಂಡವಳು ಲಿಜ್ಜಿ ಮ್ಯಾಗಿ ಅನ್ನೋ ಹೆಂಗಸು, ಜಮೀನು ಒಬ್ಬರ ಕೈಲೇ ಸೇರಿದ್ರೆ ಬಾಡಿಗೆ ಕಟ್ಟೋರ ಗತಿ ಏನಾಗುತ್ತೆ ಅಂತ ಜನಕ್ಕೆ ತೋರಿಸೋದು ಅವಳ ಉದ್ದೇಶ. 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಮೊನಾಪಲಿ ಅಂತ ಮಾರೋಕೆ ಶುರು ಮಾಡ್ತು, ಅಲ್ಲಿಂದ ಇವತ್ತಿನವರೆಗೂ ಆಡೋರಿಗೆಲ್ಲ ಖುಷಿ ಕೊಡೋದೇ ಪಕ್ಕದಲ್ಲಿ ಕೂತೋರನ್ನ ದಿವಾಳಿ ಎಬ್ಬಿಸೋದು! ಬೋರ್ಡ್ ಮೇಲೆ ಏನೇ ಪ್ರಿಂಟ್ ಮಾಡಿ, ಮಗು ಕಲಿಯೋದು ಬೋರ್ಡಿನ ಸುತ್ತ ನಡೆಯೋ ಜಗಳದಿಂದ.

ಹೌದು, ಜಗಳದಿಂದಾನೇ. "ನಾನು ಔಟಿಲ್ಲ", "ನಿನ್ನ ಕಾಲು ಗೆರೆ ದಾಟಿತ್ತು", "ಈಗ ನನ್ನ ಚಾನ್ಸು" ಅಂತ ಶುರುವಾದ ತಕ್ಷಣ ನಾವು ದೊಡ್ಡೋರು ಓಡಿ ಹೋಗಿ ತೀರ್ಪು ಕೊಟ್ಟುಬಿಡ್ತೀವಿ, ಅಲ್ಲಿಗೆ ಪಾಠ ಮುಗೀತು. ನಾನೂ ಮೊದಮೊದಲು ಹಾಗೇ ಮಾಡ್ತಿದ್ದೆ, ಮೇಲಿಂದ ಐದು ನಿಮಿಷ ಭಾಷಣ ಬೇರೆ. ಈಗ ಕೈಕೈ ಮಿಲಾಯಿಸದೇ ಇರೋವರೆಗೂ ಸುಮ್ನೆ ಕೂತಿರ್ತೀನಿ. ಆಟ ನಿಂತುಹೋಗುತ್ತಲ್ಲ ಅನ್ನೋ ಭಯಕ್ಕೆ ಅವರೇ ಏನೋ ಒಂದು ಒಪ್ಪಂದಕ್ಕೆ ಬರ್ತಾರೆ, ಅದು ನಮ್ಮ ಕಣ್ಣಿಗೆ ನ್ಯಾಯ ಅನ್ನಿಸದೇ ಇರಬಹುದು, ಇರಲಿ ಬಿಡಿ. "ಆಟಕ್ಕುಂಟು ಲೆಕ್ಕಕ್ಕಿಲ್ಲ" ಅಂತ ನಾವು ಯಾರನ್ನಾದ್ರೂ ಹೀಯಾಳಿಸೋಕೆ ಬಳಸ್ತೀವಿ, ಆದ್ರೆ ಮಕ್ಕಳ ಮಧ್ಯೆ ಅದು ಎಂಥ ಏರ್ಪಾಡು ನೋಡಿ. ತಮ್ಮನೋ ತಂಗಿನೋ ಓಡೋಕೆ ಬರದೇ ಇದ್ರೂ ಆಟಕ್ಕೆ ಸೇರಿಸ್ಕೋಬೇಕು, ಆಟಾನೂ ಕೆಡಬಾರದು, ಚಿಕ್ಕದು ಅಳಲೂಬಾರದು. ಯಾವ ಮೇಷ್ಟ್ರೂ ಕೂತು ಹೇಳಿಕೊಟ್ಟ ರೂಲ್ ಅಲ್ಲ ಅದು.

ಕಳ್ಳಾಟದ ಬಗ್ಗೆ ಗಾಬರಿಯಾಗಿ ಬರೋರು ಜಾಸ್ತಿ. "ಐದು ವರ್ಷಕ್ಕೇ ದಾಳ ತಿರುಗಿಸಿ ಇಡ್ತಾನೆ, ಮುಂದೆ ಏನಾಗ್ತಾನೋ!" ಏನೂ ಆಗಲ್ಲ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಪಿಯಾಜೆ, ಮಕ್ಕಳು ಗೋಲಿ ಆಡೋದನ್ನ ನೋಡ್ತಾ, ಅವರ ಜೊತೆ ತಾನೂ ಕೂತು ರೂಲ್ಸ್ ಬಗ್ಗೆ ಪ್ರಶ್ನೆ ಕೇಳ್ತಾ, ಗಮನಿಸಿದ್ದನ್ನೆಲ್ಲ 1932ರಲ್ಲಿ ಬರೆದಿಟ್ಟಿದ್ದಾನೆ. ಚಿಕ್ಕ ಮಕ್ಕಳು ರೂಲ್ಸ್ ದೊಡ್ಡೋರು ಮಾಡಿದ್ದು, ಬದಲಾಯಿಸೋ ಹಾಗೇ ಇಲ್ಲ ಅಂತಾರೆ, ಅದೇ ಹೊತ್ತಿಗೆ ತಮಗೆ ತೋಚಿದ ಹಾಗೇ ಆಡ್ತಿರ್ತಾರೆ, ಅದು ಅವರಿಗೆ ಗೊತ್ತೂ ಆಗಲ್ಲ. ಹತ್ತು ಹನ್ನೊಂದರ ಹೊತ್ತಿಗೆ "ಎಲ್ಲರೂ ಒಪ್ಪಿದ್ರೆ ಬದಲಾಯಿಸಬಹುದು, ಒಪ್ಪಿದ ಮೇಲೆ ಮುರಿಯೋ ಹಾಗಿಲ್ಲ" ಅನ್ನೋ ತಿಳುವಳಿಕೆ ಬರುತ್ತೆ. ಐದು ವರ್ಷದ ಮಗೂನ ಕಳ್ಳ ಅಂತ ಕರೆದ್ರೆ ಅದು ಕಲಿಯೋದು ಇನ್ನೊಂದ್ಸಲ ಸಿಕ್ಕಿಬೀಳದ ಹಾಗೆ ಮಾಡೋದನ್ನ. "ಇದು ನನಗೆ ಕಾಣಿಸ್ತು, ಇನ್ನೊಂದ್ಸಲ ಹಾಕು" ಅಂದ್ರೆ ಸಾಕು.

ಇನ್ನು ಬೇಕುಬೇಕಂತ ಸೋಲೋ ಅಪ್ಪಂದಿರು. ದಯವಿಟ್ಟು ಬೇಡ, ಮಕ್ಕಳಿಗೆ ಗೊತ್ತಾಗುತ್ತೆ. ಚೆಸ್ಸಲ್ಲಿ ಮಗು ಸುಮ್ನೆ ಸೋಲ್ತಾನೇ ಇದೆ ಅಂದ್ರೆ ಆಟ ಶುರುವಾಗೋ ಮುಂಚೆ ನಿಮ್ಮ ಕ್ವೀನ್ ತೆಗೆದು ಪಕ್ಕಕ್ಕಿಡಿ, ಎಲ್ಲರ ಕಣ್ಣೆದುರಿಗೇ. ಆಮೇಲೆ ಜೀವ ಬಿಟ್ಟು ಆಡಿ. ಮಗು ಗೆದ್ರೆ ಅದು ನಿಜವಾದ ಗೆಲುವು. ನನ್ನ ಎರಡೂ ಬಿಷಪ್ ಬೋರ್ಡ್ ಮೇಲೆ ಇರೋವಾಗ್ಲೇ ನಾನೂ ಸೋತಿದೀನಿ, ನಾಚಿಕೆ ಏನಿಲ್ಲ.

ಎಲ್ಲರೂ ಸೇರಿ ಗೆಲ್ಲೋ ಅಥವಾ ಸೇರಿ ಸೋಲೋ ಆಟಗಳು ಒಳ್ಳೇದಲ್ವಾ ಅಂತ ಕೆಲವರು ಕೇಳ್ತಾರೆ, 2008ರಲ್ಲಿ ಬಂದ ಪ್ಯಾಂಡೆಮಿಕ್ ಅನ್ನೋ ಬೋರ್ಡ್ ಆಟದ ಥರದ್ದು. ಒಳ್ಳೇದೇ, ಆದ್ರೆ ಅದರಲ್ಲೂ ಒಂದು ತೊಂದ್ರೆ ಇದೆ. ಗುಂಪಲ್ಲಿ ಒಬ್ಬ ಜಾಣ ಇರ್ತಾನೆ, "ನೀನು ಅದನ್ನ ಇಡು, ನೀನು ಅಲ್ಲಿಗೆ ಹೋಗು" ಅಂತ ಎಲ್ಲರ ಆಟಾನೂ ಅವನೇ ಆಡ್ತಾನೆ, ಉಳಿದೋರು ಅವನು ಹೇಳಿದ ಕಾಯಿ ಎತ್ತಿಡೋ ಕೈಗಳು. ಅದಕ್ಕೇ ನಮ್ಮಲ್ಲಿ ಒಂದು ರೂಲ್ ಮಾಡಿದ್ವಿ, ಯಾರ ಸರದಿನೋ ಅವರು ಕೇಳಿದ್ರೆ ಮಾತ್ರ ಸಲಹೆ. ಆ ಜಾಣನಿಗೆ ಬಾಯಿ ಮುಚ್ಕೊಂಡು ಕೂರೋದಿದೆಯಲ್ಲ, ಅವತ್ತು ಆ ರೂಮಲ್ಲಿ ಅದಕ್ಕಿಂತ ಕಷ್ಟದ ಪಾಠ ಇನ್ನೊಂದಿರಲ್ಲ.

ಇಷ್ಟೆಲ್ಲ ಹೇಳಿದ್ರೂ "ಸರಿ, ಆದ್ರೂ ಒಂದು ಆಟದ ಹೆಸರು ಹೇಳಿ" ಅಂತಾರೆ. ಸರಿ, ತಾಳ್ಮೆಗೆ ಸ್ಟ್ಯಾಚ್ಯೂ ಆಟ, ಹಾಡು ನಿಂತಾಗ ಅಲ್ಲಾಡದೇ ನಿಲ್ಲೋದು, ದುಡ್ಡೂ ಬೇಡ ಡಬ್ಬಾನೂ ಬೇಡ. ಜೊತೆಗೆ ಯಾವ ಆಟಕ್ಕಾದ್ರೂ ಈ ಒಂದು ರೂಲ್ ಸೇರಿಸಿ: ಆಟ ಮುಗಿದ ಮೇಲೆ ಕಾಯಿ, ಕಾರ್ಡು ಎಲ್ಲ ಎತ್ತಿಡೋ ಕೆಲಸ ಗೆದ್ದೋರದ್ದು. ಗೆದ್ದೋನು ನೆಲದ ಮೇಲೆ ಕೂತು ಕಾಯಿ ಆರಿಸ್ತಿರೋವಾಗ ಕುಣಿಯೋಕೂ ಆಗಲ್ಲ, ಸೋತವನನ್ನ ರೇಗಿಸೋಕೂ ಟೈಮ್ ಸಿಗಲ್ಲ. ಮೊನ್ನೆ ಒಬ್ಬ ಹುಡುಗ ಸತತ ಮೂರನೇ ಸಲ ಗೆದ್ದು ಡಬ್ಬಿ ತುಂಬಿಸ್ತಾ ಗೊಣಗ್ತಿದ್ದ, ಈಗಷ್ಟೇ ಸೋತು ಮುಖ ಊದಿಸ್ಕೊಂಡಿದ್ದ ಹುಡುಗಿ ಸ್ವಲ್ಪ ಹೊತ್ತು ನೋಡಿ, ಆಮೇಲೆ ತಾನೇ ಬಂದು ಮುಚ್ಚಳ ಹುಡುಕಿ ಕೊಟ್ಲು.