6 ಮೀಟರ್ ಅಂದಿದ್ದರು

2011ರ ಮಾರ್ಚ್ 11, ಶುಕ್ರವಾರ, ಮಧ್ಯಾಹ್ನ 2.46. ಟೋಕಿಯೋದ ಶಿಂಬಾಶಿಯಲ್ಲಿ 8ನೇ ಮಹಡಿಯ ಆಫೀಸು. ಶುರುವಾದಾಗ ಯಾರೂ ಕೆಲಸ ಬಿಡಲಿಲ್ಲ. ಅಲ್ಲಿ ಭೂಕಂಪ ಅಂದ್ರೆ ಹಾಗೇ. ಒಮ್ಮೆ ಸೀಲಿಂಗ್ ನೋಡುವುದು, ಒಮ್ಮೆ ಪಕ್ಕದವರ ಮುಖ ನೋಡುವುದು, ಮತ್ತೆ ಟೈಪ್ ಮಾಡುವುದು. ಮೂರು ವರ್ಷದಲ್ಲಿ ನನಗೂ ರೂಢಿಯಾಗಿತ್ತು.

ಈ ಸಲ ಅದು ನಿಲ್ಲಲಿಲ್ಲ. ಮೇಜಿನ ಡ್ರಾಯರ್‌ಗಳು ತಾವಾಗಿಯೇ ತೆರೆದುಕೊಂಡು ಮುಚ್ಚಿಕೊಂಡವು. ಫೈಲುಗಳ ಕಪಾಟನ್ನು ಇಬ್ಬರು ಬೆನ್ನು ಕೊಟ್ಟು ಹಿಡಿದು ನಿಂತರು. ಅವರಲ್ಲಿ ಒಬ್ಬರು ನಗುತ್ತಿದ್ದರು. ಹೆದರಿದಾಗ ಬರುವ ನಗು, ಬೇರೆ ಥರ ಇರುತ್ತೆ. ನಾನು ಮೇಜಿನ ಕೆಳಗೆ ತೂರಿಕೊಂಡೆ. ಕಟ್ಟಡ ಹಡಗಿನ ಹಾಗೆ ಅತ್ತಿತ್ತ ಹೋಗುತ್ತಿತ್ತು. ಹೊಟ್ಟೆ ತೊಳಸಿತು.

ಸ್ವಲ್ಪ ನಿಂತ ಮೇಲೆ ಎಲ್ಲರೂ ಟಿವಿ ಮುಂದೆ ಸೇರಿದರು. ಪರದೆಯ ಮೂಲೆಯಲ್ಲಿ ಜಪಾನಿನ ನಕ್ಷೆ, ಈಶಾನ್ಯದ ಕರಾವಳಿ ಪೂರ್ತಿ ಮಿನುಗುತ್ತಿತ್ತು. ಭಾರೀ ಸುನಾಮಿ ಎಚ್ಚರಿಕೆ. ಅಲ್ಲಿನ ಮಿಯಾಗಿ ಪ್ರಾಂತ್ಯಕ್ಕೆ 6 ಮೀಟರ್, ಅಕ್ಕಪಕ್ಕದ ಇವಾತೆ ಮತ್ತು ಫುಕುಶಿಮಾಕ್ಕೆ 3 ಮೀಟರ್.

ನಿಜ ಹೇಳಬೇಕು, ಆ ಸಂಖ್ಯೆ ಕೇಳಿ ನಮ್ಮ ಕೋಣೆ ಸ್ವಲ್ಪ ಸಡಿಲವಾಯಿತು. 'ಅಲ್ಲಿ ಗೋಡೆಗಳಿವೆ ಬಿಡಿ' ಅಂದರು ಹಿರಿಯರೊಬ್ಬರು. ಅವರು ಸುಮ್ನೆ ಹೇಳಿದ್ದಲ್ಲ. ಇವಾತೆಯ ತಾರೋ ಅನ್ನುವ ಊರಿನ ಸಮುದ್ರ ಗೋಡೆ 10 ಮೀಟರ್ ಎತ್ತರ ಇತ್ತು. 3 ಮೀಟರ್ ಅಲೆಗೆ 10 ಮೀಟರ್ ಗೋಡೆ. ಲೆಕ್ಕ ಸರಿಯಾಗಿಯೇ ಇತ್ತಲ್ವಾ? ನಾನೂ ತಲೆಯಾಡಿಸಿದೆ.

ಒಬ್ಬರು ಮಾತ್ರ ಟಿವಿ ನೋಡಲಿಲ್ಲ. ನನ್ನ ಎದುರಿನ ಮೇಜಿನವರು. ಅವರ ಅಪ್ಪ ಅಮ್ಮ ಇದ್ದದ್ದು ಮಿಯಾಗಿಯ ಕರಾವಳಿಯಲ್ಲಿ. ಫೋನು ಮಡಚುತ್ತಿದ್ದರು, ಬಿಚ್ಚುತ್ತಿದ್ದರು, ಅದೇ ಬಟನ್ ಒತ್ತುತ್ತಿದ್ದರು. ಲೈನು ಸಿಗುತ್ತಿರಲಿಲ್ಲ.

ಎಲ್ಲರೂ ಮೆಟ್ಟಿಲಿಳಿದು ಬೀದಿಗೆ ಬಂದೆವು. 3.15ಕ್ಕೆ ಇನ್ನೊಂದು ದೊಡ್ಡದು. ಎದುರಿನ ಕಟ್ಟಡಗಳ ತುದಿ ತೂಗಾಡುವುದು ಕಣ್ಣಿಗೆ ಕಾಣುತ್ತಿತ್ತು. ಅರ್ಧ ಜನ ತಲೆ ಮೇಲೆ ಬ್ಯಾಗ್ ಹಿಡಿದಿದ್ದರು, ಇನ್ನರ್ಧ ಜನ ಫೋನ್ ಎತ್ತಿ ವಿಡಿಯೋ ತೆಗೆಯುತ್ತಿದ್ದರು. ಕೊಲ್ಲಿಯ ಕಡೆ ಕಪ್ಪು ಹೊಗೆ ಏಳುತ್ತಿತ್ತು.

ಆಗಿನ ಜಪಾನಿನ ಮಡಚುವ ಫೋನುಗಳಲ್ಲಿ ಟಿವಿ ಬರುತ್ತಿತ್ತು. ಒಬ್ಬ ಹುಡುಗ ಸಣ್ಣ ಆಂಟೆನಾ ಎಳೆದು ಹಿಡಿದ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಪರದೆ, ಅದರ ಮೇಲೆ ಬಾಗಿದ ಆರೇಳು ತಲೆ. 6 ಇದ್ದದ್ದು 10 ಆಗಿತ್ತು. ಯಾರೋ 'ಏ?' ಅಂದರು. 4 ಗಂಟೆಗೆ ಇನ್ನೂ ಸ್ವಲ್ಪ ಇರುವಾಗ ಹೆಲಿಕಾಪ್ಟರ್‌ನಿಂದ ನೇರ ಚಿತ್ರ ಬಂತು. ಮಿಯಾಗಿಯ ನಾತೋರಿ ನದಿಯ ಪಕ್ಕದ ಬಯಲು. ಕೊಳಕು ಕಂದು ಬಣ್ಣದ ಏನೋ ಒಂದು ಹೊಲಗಳ ಮೇಲೆ ಹರಿಯುತ್ತಿತ್ತು. ಅದರ ಮೇಲೆ ಮನೆಗಳಿದ್ದವು. ಕೆಲವಕ್ಕೆ ಬೆಂಕಿ ಹತ್ತಿತ್ತು. ನೀರಿನ ಮೇಲೆ ಬೆಂಕಿ ಹೇಗೆ ಅಂತ ತಲೆಗೆ ಹೋಗಲೇ ಇಲ್ಲ. ರಸ್ತೆಯಲ್ಲಿ ಕಾರುಗಳು ಹೋಗುತ್ತಿದ್ದವು. ಮೇಲಿಂದ ನೋಡುವ ನಮಗೆ ನೀರು ಕಾಣುತ್ತಿತ್ತು, ಕಾರಿನಲ್ಲಿದ್ದವರಿಗೆ ಕಾಣುತ್ತಿರಲಿಲ್ಲ.

ಹುಡುಗ ತಟ್ಟನೆ ಫೋನು ಮಡಚಿದ. ಎದುರಿನ ಮೇಜಿನವರು ನಮ್ಮ ಹಿಂದೆಯೇ ಬಂದು ನಿಂತಿದ್ದರು.

ಅಷ್ಟರಲ್ಲಿ ನನ್ನ ಫೋನಿಗೆ ಊರಿಂದ ತಂಗಿಯ ಮೇಲ್ ಬಂತು. 'ಅಣ್ಣಾ ಎಲ್ಲಿದೀಯ, ಟಿವಿ ನೋಡ್ತಿದೀವಿ, ಅಮ್ಮ ಅಳ್ತಿದಾರೆ.' ಅಲ್ಲಿ ದೊಡ್ಡ ಪರದೆಯಲ್ಲಿ ಅವರು ಎಲ್ಲವನ್ನೂ ನೋಡಿಯಾಗಿತ್ತು. ಆ ದೇಶದಲ್ಲೇ ಇದ್ದ ನನಗೆ ಅವರಷ್ಟೂ ಗೊತ್ತಿರಲಿಲ್ಲ. 'ಚೆನ್ನಾಗಿದೀನಿ' ಅಂತ ಬರೆದು ಕಳಿಸಿದೆ. ಅದು ತಲುಪಿದ್ದು ರಾತ್ರಿಗೆ.

ಆ ದಿನ ಇನ್ನು ರೈಲಿಲ್ಲ ಅಂತ ಸಂಜೆ ಗೊತ್ತಾಯಿತು. ಕಾವಾಸಾಕಿಯ ಮನೆಗೆ ಹೆದ್ದಾರಿ 15ರಲ್ಲಿ ನಡೆದು ಹೊರಟೆ. ಲಕ್ಷಾಂತರ ಜನ ನಡೆಯುತ್ತಿದ್ದರು. ತಲೆಗೆ ಆಫೀಸಿನ ಬಿಳಿ ಹೆಲ್ಮೆಟ್, ಹೆಗಲಿಗೆ ಲ್ಯಾಪ್‌ಟಾಪ್. ಸಾರ್ವಜನಿಕ ಫೋನುಗಳ ಮುಂದೆ ಉದ್ದದ ಸಾಲು. ಕೆಲವು ಅಂಗಡಿಯವರು 'ಶೌಚಾಲಯ ಬಳಸಿ' ಅಂತ ಕಾಗದದಲ್ಲಿ ಬರೆದು ಬಾಗಿಲಿಗೆ ಅಂಟಿಸಿದ್ದರು. ಕೆಂಪು ದೀಪಕ್ಕೆ ಎಲ್ಲರೂ ನಿಲ್ಲುತ್ತಿದ್ದರು.

ಆಮೇಲೆ ಪ್ರಪಂಚ ಈ ಶಾಂತಿಯನ್ನು ಬಹಳ ಹೊಗಳಿತು. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅದು ಶಾಂತಿ ಅನ್ನುವುದಕ್ಕಿಂತ ಏನು ಹೇಳಬೇಕೋ ತಿಳಿಯದ ಮೌನ. ಮರುದಿನ ಅದೇ ಜನ ಬ್ರೆಡ್, ನೀರು, ಬ್ಯಾಟರಿ ಖಾಲಿ ಮಾಡಿದ್ದರು. ಟಾಯ್ಲೆಟ್ ಪೇಪರ್‌ನ ಎರಡು ಕಟ್ಟು ಹೊತ್ತು ತಂದವರಲ್ಲಿ ನಾನೂ ಒಬ್ಬ. ಎರಡು ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ.

ತಾಮಾ ನದಿಯ ರೊಕುಗೋ ಸೇತುವೆ ಬಂದಾಗ ಮಾತ್ರ ಸಾಲಿನ ವೇಗ ಬದಲಾಯಿತು. ಟೋಕಿಯೋ ಕೊಲ್ಲಿಗೂ ಎಚ್ಚರಿಕೆ ಇತ್ತು, ಸಮುದ್ರ ಅಲ್ಲಿಂದ ದೂರವಿಲ್ಲ. ಯಾರೂ ಓಡಲಿಲ್ಲ. ಆದರೆ ಹೆಜ್ಜೆಗಳ ಸದ್ದು ಚುರುಕಾಯಿತು. ನಾನು ಕಂಬಿಯ ಮೇಲಿಂದ ಬಗ್ಗಿ ನೋಡಿದೆ. ಕತ್ತಲು, ಏನೂ ಕಾಣಲಿಲ್ಲ. ಹಿಂದಿದ್ದ ಅಜ್ಜಿಯೊಬ್ಬರು ಬೆನ್ನಿಗೆ ಕೈ ಒತ್ತಿ 'ನಡೀರಿ, ನಡೀರಿ' ಅಂದರು.

ಆ 6 ಮೀಟರ್ ಎಲ್ಲಿಂದ ಬಂತು ಅಂತ ಆಮೇಲೆ ತಿಳಿಯಿತು. ಎಚ್ಚರಿಕೆ ಮೂರೇ ನಿಮಿಷದಲ್ಲಿ ಕೊಡಬೇಕಿತ್ತು. ಅಷ್ಟರಲ್ಲಿ ಸಿಕ್ಕ ಭೂಕಂಪದ ತೀವ್ರತೆಯ (ಮ್ಯಾಗ್ನಿಟ್ಯೂಡ್) ಅಂದಾಜು 7.9. ನಿಜವಾಗಿ ಅದು 9.0. ಬಿಡುಗಡೆಯಾದ ಶಕ್ತಿಯ ಲೆಕ್ಕದಲ್ಲಿ ಸುಮಾರು 45 ಪಟ್ಟು ಜಾಸ್ತಿ. 10 ಮೀಟರ್ ಅಂತ ತಿದ್ದುವ ಹೊತ್ತಿಗೆ ಕರಾವಳಿಯಲ್ಲಿ ಕರೆಂಟು ಹೋಗಿತ್ತು. ಎಷ್ಟೋ ಜನರಿಗೆ ಕೇಳಿಸಿದ್ದು ಮೊದಲನೇ ಸಂಖ್ಯೆ ಮಾತ್ರ. ತಾರೋದ ಗೋಡೆಯನ್ನು ನೀರು ದಾಟಿತು. 2013ರಿಂದ ನಿಯಮ ಬದಲಾಗಿದೆ. ತೀರಾ ದೊಡ್ಡ ಭೂಕಂಪವಾದರೆ ಮೊದಲ ಎಚ್ಚರಿಕೆಯಲ್ಲಿ ಮೀಟರ್ ಲೆಕ್ಕ ಇರುವುದಿಲ್ಲ. 'ದೈತ್ಯ' ಅಂತಷ್ಟೇ ಹೇಳುತ್ತಾರೆ.

ಎದುರಿನ ಮೇಜಿನವರಿಗೆ ನಾಲ್ಕನೇ ದಿನ ಫೋನ್ ಬಂತು. ಅಮ್ಮ ಒಂದು ಶಾಲೆಯಲ್ಲಿದ್ದರಂತೆ. ಅಪ್ಪನ ವಿಷಯ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

2024ರ ಜನವರಿ 1, ನೋತೋ ಭೂಕಂಪದ ಸಂಜೆ. ಅಡುಗೆಮನೆಯಲ್ಲಿದ್ದೆ, ಟಿವಿ ಒಳಗಿತ್ತು. 2011ರಲ್ಲಿ ಅಷ್ಟು ಮೆತ್ತಗೆ ಎಚ್ಚರಿಕೆ ಓದಿದ ಅದೇ ಸಾರ್ವಜನಿಕ ಟಿವಿ ವಾಹಿನಿ ಎನ್ಎಚ್‌ಕೆಯಲ್ಲಿ ಈ ಸಲ ಒಬ್ಬ ಹೆಣ್ಣುಮಗಳು ಕಿರುಚುತ್ತಿದ್ದರು. ಈಗಲೇ ಓಡಿ, ಹಿಂದೆ ತಿರುಗಿ ಹೋಗಬೇಡಿ ಅಂತ. ನೋತೋ ನಮ್ಮ ಮನೆಯಿಂದ ನೂರಾರು ಕಿಲೋಮೀಟರ್ ದೂರ, ದೇಶದ ಆ ಕಡೆಯ ಸಮುದ್ರ.

'ಎಲ್ಲಿಗೆ ಹೊರಟ್ರಿ?' ಅಂದಳು ಹೆಂಡತಿ.

ನೋಡಿದರೆ ಒಂದು ಕಾಲಿಗೆ ಶೂ ಹಾಕಿಯಾಗಿತ್ತು.