ಚೀಟಿಯಲ್ಲಿ ಪದ್ಯ ಬರೆದ ಡಾಕ್ಟರು

ಉಡುಪಿಯಲ್ಲಿ ನಮ್ಮದೊಂದು ಮೆಡಿಕಲ್ ಇದೆ. ಡಾಕ್ಟರುಗಳ ಚೀಟಿ ಓದುವುದೇ ನನ್ನ ಹೊಟ್ಟೆಪಾಡು. ಔಷಧದ ಚೀಟಿಯಲ್ಲೇ ಪದ್ಯ ಗೀಚುತ್ತಿದ್ದ ಡಾಕ್ಟರೊಬ್ಬರಿದ್ದರು ಅಂತ ತಿಳಿದ ಮೇಲೆ ಸುಮ್ನೆ ಇರಲು ಆಗುತ್ತದಾ? ಹುಡುಕಿ ಓದಿದೆ.

ಅವರು ವಿಲಿಯಂ ಕಾರ್ಲೋಸ್ ವಿಲಿಯಮ್ಸ್. 1883ರಲ್ಲಿ ಅಮೆರಿಕದ ನ್ಯೂಜೆರ್ಸಿಯ ರುದರ್‌ಫರ್ಡ್‌ನಲ್ಲಿ ಹುಟ್ಟಿದವರು. ಅದೇ ಊರಲ್ಲಿ ಮಕ್ಕಳಿಗೆ ಮದ್ದು ಕೊಡುತ್ತಾ, ಹೆರಿಗೆ ಮಾಡಿಸುತ್ತಾ ಇದ್ದು 1963ರಲ್ಲಿ ತೀರಿಕೊಂಡರು. ಗೆಳೆಯ, ಕವಿ ಎಜ್ರಾ ಪೌಂಡ್ ಯುರೋಪಿಗೆ ಹೋಗಿ ನೆಲೆಸಿದರು, ಇನ್ನೊಬ್ಬ ಕವಿ ಎಲಿಯಟ್ ಕೂಡ ಹಾಗೇ ಮಾಡಿದರು. ಇವರು ಊರು ಬಿಟ್ಟು ಅಲ್ಲಿ ನೆಲೆಸಲಿಲ್ಲ. 1922ರಲ್ಲಿ ಎಲಿಯಟ್ಟರ 'ದಿ ವೇಸ್ಟ್ ಲ್ಯಾಂಡ್' ಕಾವ್ಯ ಬಂದಾಗ ಇವರಿಗೆ ಸಿಟ್ಟೇ ಬಂತು. ಕವಿತೆ ಮತ್ತೆ ಮೇಷ್ಟ್ರುಗಳ ಕೈಗೆ ಹೋಯಿತಲ್ಲ ಅಂತ.

ಮರುವರ್ಷ ಬಂದ ಇವರ 'ಸ್ಪ್ರಿಂಗ್ ಆಂಡ್ ಆಲ್' ಪುಸ್ತಕದಲ್ಲಿ ಕೆಂಪು ಕೈಗಾಡಿಯ ಪದ್ಯವಿದೆ. ಬರೀ 16 ಪದ, ಇಡೀ ಪದ್ಯ ಒಂದೇ ವಾಕ್ಯ. ಒಂದು ಸಾಲಿಗೆ ಮೂರು ಪದ, ಮುಂದಿನ ಸಾಲಿಗೆ ಒಂದೇ ಪದ. ಹೀಗೆ ನಾಲ್ಕು ಸಲ. ಪ್ರಾಸ ಇಲ್ಲ, ಉಪಮೆ ಇಲ್ಲ. ಮಳೆನೀರಲ್ಲಿ ಹೊಳೆಯುವ ಗಾಡಿ, ಪಕ್ಕದಲ್ಲಿ ಬಿಳಿ ಕೋಳಿಗಳು. ಅಷ್ಟೇ. ಸಾಲು ಮುರಿಯುವ ಕಡೆಯಲ್ಲೆಲ್ಲ ಕಣ್ಣು ಒಂದು ಕ್ಷಣ ನಿಲ್ಲುತ್ತದೆ. ಅದೇ ಅವರಿಗೆ ಬೇಕಿದ್ದದ್ದು.

ಆ ಗಾಡಿ ಮಾರ್ಷಲ್ ಎಂಬ ಕಪ್ಪು ಮುದುಕನದ್ದು. ಅವನು ಹಿಂದೆ ಮೀನುಗಾರನಾಗಿದ್ದ, ಕೊರೆಯುವ ಚಳಿಯಲ್ಲಿ ಐಸಿನ ಚೂರುಗಳ ನಡುವೆ ನಿಂತು ಮೀನು ತುಂಬುತ್ತಿದ್ದ ಅಂತ ವಿಲಿಯಮ್ಸ್ ಆಮೇಲೆ ಹೇಳಿದ್ದಾರೆ. ಮಲ್ಪೆ ಬಂದರು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಪದ್ಯದಲ್ಲಿ ಇದ್ಯಾವುದೂ ಇಲ್ಲ! ಬೇರೆ ಯಾರಾದರೂ ಆಗಿದ್ದರೆ ಆ ಐಸು, ಆ ಕಾಲು, ಬಡತನ ಎಲ್ಲ ಸೇರಿಸಿ ನಮ್ಮನ್ನು ಅಳಿಸಿಯೇ ಬಿಡುತ್ತಿದ್ದರು.

ವಿಲಿಯಮ್ಸ್ ತಮ್ಮ ಭಾಷೆ ಬಂದದ್ದು ಪೋಲೆಂಡಿನಿಂದ ವಲಸೆ ಬಂದ ತಾಯಂದಿರ ಬಾಯಿಂದ ಅನ್ನುತ್ತಿದ್ದರು. ಆ ತಾಯಂದಿರು ಅವರ ಪೇಷೆಂಟುಗಳೇ ಅಲ್ವಾ? ಇಂಗ್ಲೆಂಡಿನ ಹಳೆಯ ಛಂದಸ್ಸು ಅಮೆರಿಕದ ಮಾತಿಗೆ ಒಗ್ಗುವುದಿಲ್ಲ ಅನ್ನುವುದು ಅವರ ಹಟ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದ ನವ್ಯ ಕವಿ ಗೋಪಾಲಕೃಷ್ಣ ಅಡಿಗರ ಮೇಲೆ ನನಗೆ ಬಹಳ ಗೌರವ. ಆದರೂ ನಮ್ಮ ನವ್ಯದವರು ಎಲಿಯಟ್ಟರನ್ನು ಓದಿದಷ್ಟು ಈ ಡಾಕ್ಟರನ್ನು ಓದಲಿಲ್ಲವೇನೋ ಅನ್ನಿಸುತ್ತದೆ.

ಅವರದ್ದೆಲ್ಲ ನನಗೆ ಹಿಡಿಸಿತು ಅಂತಲ್ಲ. ಕೊನೆಗಾಲದಲ್ಲಿ ಮೆಟ್ಟಿಲಿನ ಹಾಗೆ ಮೂರು ಮೂರು ಸಾಲು ಇಳಿಸಿ ಬರೆದು, ಅದಕ್ಕೊಂದು ಛಂದಸ್ಸಿನ ಸಿದ್ಧಾಂತ ಕಟ್ಟಿದರು. ಸಾಲುಗಳು ಚಂದ, ಸಿದ್ಧಾಂತ ನನ್ನ ತಲೆಗೆ ಹೋಗಲಿಲ್ಲ. 'ಪ್ಯಾಟರ್ಸನ್' ಎಂಬ ಅವರ ದೊಡ್ಡ ಕಾವ್ಯ ಈಗ ಕೌಂಟರಿನ ಮೇಲಿದೆ. ಅದರಲ್ಲಿ ಪದ್ಯದ ಮಧ್ಯೆಯೇ ಪೇಪರ್ ಸುದ್ದಿ, ಯಾರದೋ ಕಾಗದಗಳನ್ನು ಹಾಗೇ ಸೇರಿಸಿದ್ದಾರೆ. ಸದ್ಯಕ್ಕೆ ನಾನು ಪದ್ಯ ಬಿಟ್ಟು ಅವನ್ನೇ ಓದುತ್ತಿದ್ದೇನೆ.