ಬೂದಿ ಕಡಿಮೆಯಾಯಿತೆಂದು ಖುಷಿಪಟ್ಟ ಕಥೆ

ಬ್ಯಾಡಗಿಯಲ್ಲಿ ಬಾಯ್ಲರ್ ನಡೆಸುವವರಿಗೆ ಮೆಣಸಿನಕಾಯಿ ಸುಗ್ಗಿ ಬಂತೆಂದರೆ ತಲೆನೋವು ಇಮ್ಮಡಿ. ಕಾಯಿಯಿಂದ ಬಣ್ಣ, ಖಾರದ ಸತ್ವ ತೆಗೆಯುವ ಓಲಿಯೋರೆಸಿನ್ ಘಟಕಕ್ಕೆ ಹಬೆ ನಿಲ್ಲುವಂತಿಲ್ಲ, ಸುತ್ತಲಿನ ಕಣಗಳಲ್ಲಿ ಹರವಿದ ಕಾಯಿಯ ಮೇಲೆ ಬೂದಿ ಬೀಳುವಂತಿಲ್ಲ. ಈ ಕಾಯಿಗೆ ಬೆಲೆ ಬರುವುದೇ ಬಣ್ಣದಿಂದ.

ಕಳೆದ ಸುಗ್ಗಿಯಲ್ಲಿ ಪಕ್ಕದ ಕಣದ ಸಾವುಕಾರರು ಟವೆಲಿನಲ್ಲಿ ಕಟ್ಟಿ ತಂದ ಕಾಯಿಯನ್ನು ನನ್ನ ಮೇಜಿನ ಮೇಲೆ ಸುರಿದರು. ಕೆಂಪಿನ ಮೇಲೆಲ್ಲ ಬೂದು ಪುಡಿ. "ಇದನ್ನು ಟೆಂಡರಿಗೆ ಇಟ್ಟರೆ ಯಾರು ಮೂಸಿ ನೋಡುತ್ತಾರೆ, ನೀವೇ ಹೇಳಿ ಸಾಹೇಬರೇ."

ಹಸಿ ಕಟ್ಟಿಗೆ ಬಂದಿರಬೇಕೆಂದು ನಾನು ಕಟ್ಟಿಗೆ ಗುತ್ತಿಗೆದಾರನಿಗೆ ಬೈದೆ. ಮ್ಯಾನೇಜರ್ ಫೋನಿನಲ್ಲೇ ಪರಿಹಾರ ಕೊಟ್ಟರು: "ಐಡಿ ಫ್ಯಾನ್ ಹೆಚ್ಚಿಸಿ, ದೂರ ಹೋಗಿ ಬೀಳುತ್ತದೆ." ದೂರ ಎಂದರೆ ಇನ್ನೊಬ್ಬರ ಕಣ! ಹೊಗೆಯನ್ನು ಚಿಮಣಿಗೆ ಎಳೆಯುವ ಆ ಫ್ಯಾನಿನ ವೇಗ ಹೆಚ್ಚಿಸಿದೆವು. ಮಧ್ಯಾಹ್ನದೊಳಗೆ ಬೂದಿ ಇನ್ನಷ್ಟು ಬಿತ್ತು.

ಬಾಯ್ಲರಿಗೆ ಕಟ್ಟಿಗೆ ಹಾಕುವ ನಮ್ಮ ಹಿರಿಯ ಫೈರ್‌ಮನ್ ಆ ಪುಡಿಯನ್ನು ಬೆರಳುಗಳ ನಡುವೆ ಉಜ್ಜಿದರು. "ಹಸಿ ಕಟ್ಟಿಗೆಯದಾಗಿದ್ದರೆ ಮಸಿ ಇರುತ್ತಿತ್ತು, ಕಪ್ಪಗೆ ಜಿಡ್ಡಾಗಿ ಮೆತ್ತಿಕೊಳ್ಳುತ್ತಿತ್ತು. ಇದು ಗರಗರ ಎನ್ನುತ್ತಿದೆ." ಉರಿ ಸರಿಯಾಗಿಯೇ ಇತ್ತು, ಹೊಗೆಯನ್ನು ಸುತ್ತಿಸಿ ಬೂದಿಯನ್ನು ಹಿಡಿಯಬೇಕಾದ ಸೈಕ್ಲೋನ್ ಯಂತ್ರ ಕೈಬಿಟ್ಟಿತ್ತು. ಕೆಲವು ದಿನಗಳಿಂದ ಸೈಕ್ಲೋನಿನ ಅಡಿಯಲ್ಲಿ ಬೂದಿ ಕೂಡುವ ತೊಟ್ಟಿಯಾದ ಹಾಪರ್‌ನಿಂದ ಬೂದಿ ಅಷ್ಟಾಗಿ ಇಳಿಯುತ್ತಿರಲಿಲ್ಲ. ಒಳ್ಳೆಯ ಕಟ್ಟಿಗೆ ಎಂದು ನಾವೆಲ್ಲ ಹಿಗ್ಗಿದ್ದೆವು. ತೊಗಟೆ ತೆಗೆದ ಕಟ್ಟಿಗೆಯಲ್ಲೂ ಒಂದಿಷ್ಟು ಬೂದಿ ಉಳಿದೇ ಉಳಿಯುತ್ತದೆ. ಕೆಳಗೆ ಬಾರದಿದ್ದರೆ ಅದು ಹೋಗುವುದು ಚಿಮಣಿಗೆ ತಾನೆ?

ಪ್ಯಾನಲ್ ಮೇಲಿನ ದೇವರ ಪಟದ ಊದುಬತ್ತಿಯನ್ನೇ ತಂದು ಹಾಪರ್ ಕೆಳಗೆ ಬೂದಿ ಇಳಿಸುವ ರೋಟರಿ ವಾಲ್ವಿನ ಫ್ಲ್ಯಾಂಜಿನ (ಬೋಲ್ಟ್ ಹಾಕಿ ಜೋಡಿಸುವ ಅಂಚಿನ) ಸುತ್ತ ಹಿಡಿದೆ. ನೆಟ್ಟಗೆ ಏಳುತ್ತಿದ್ದ ಹೊಗೆ ಒಂದು ಬೋಲ್ಟಿನ ಬಳಿ ಬಾಗಿ, ಸರ್ರನೆ ಒಳಗೆ ಹೋಯಿತು. ಆ ಸಂದು ಮುಚ್ಚುವ ಗ್ಯಾಸ್ಕೆಟ್ ಸುಟ್ಟಿತ್ತು. ಅಲ್ಲಿಂದ ನುಗ್ಗುವ ಗಾಳಿ, ಇಳಿಯುತ್ತಿರುವ ಬೂದಿಯನ್ನು ಮತ್ತೆ ಎತ್ತಿ ಮೇಲಕ್ಕೆ ಕಳುಹಿಸುತ್ತಿತ್ತು. ಐಡಿ ಫ್ಯಾನ್ ಹೆಚ್ಚಿಸಿದಷ್ಟೂ ಒಳಗಿನ ಎಳೆತ ಹೆಚ್ಚು, ನುಗ್ಗುವ ಗಾಳಿಯೂ ಹೆಚ್ಚು.

ತಿರುಗಿ ನೋಡಿದರೆ ಹೆಲ್ಪರ್ ಹುಡುಗ ಹಾಪರ್ ಬಾಗಿಲಿನ ಬೋಲ್ಟ್ ಬಿಚ್ಚುತ್ತಿದ್ದಾನೆ. ಎರಡು ಬಿಚ್ಚಿಯಾಗಿದೆ. ಅವನ ತಲೆಯ ಪಕ್ಕದಲ್ಲೇ ತಗಡಿನ ಬಣ್ಣ ಗುಳ್ಳೆ ಎದ್ದಿದೆ. ಬೂದಿಯ ಜೊತೆ ಬಂದ ಅರೆಬೆಂದ ಇದ್ದಿಲು ಆ ಗಾಳಿ ಸಿಕ್ಕು ಒಳಗೆ ಕೆಂಡವಾಗಿದೆ ಎಂದೇ ಅರ್ಥ. ಕಟ್ಟಿ ನಿಂತ ಬಿಸಿ ಬೂದಿ ಬಾಗಿಲು ತೆರೆದೊಡನೆ ನೀರಿನಂತೆ ಹರಿದುಬರುತ್ತದೆ, ಓಡಲು ಹೊತ್ತು ಕೊಡುವುದಿಲ್ಲ. "ಕೈ ತೆಗೆಯೋ!" ಎಂದು ಕಿರುಚಿದೆ. ಫ್ಯಾನಿನ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಅಂಗಿ ಹಿಡಿದು ಎಳೆಯಬೇಕಾಯಿತು. ಅತ್ತ ಇನ್ನೊಬ್ಬ ನೀರಿನ ಪೈಪು ಎಳೆದುಕೊಂಡು ಬರುತ್ತಿದ್ದ. ಕೆಂಡದ ರಾಶಿಗೆ ನೀರು ಬಿದ್ದು ಹಬೆ ಸಿಡಿದಿದ್ದರೆ ಅದು ಬೇರೆಯೇ ಕಥೆ. ಈ ನಡುವೆ ಪ್ಲಾಂಟಿನಿಂದ ಫೋನ್: "ಹೆಕ್ಸೇನ್ ರಿಕವರಿ ನಡೆದಿದೆ, ಪ್ರೆಷರ್ ಯಾಕೆ ಇಳಿಯುತ್ತಿದೆ?" ಹೆಕ್ಸೇನ್ ಎಂದರೆ ಸತ್ವ ತೆಗೆಯಲು ಬಳಸುವ, ಥಟ್ಟನೆ ಹೊತ್ತಿಕೊಳ್ಳುವ ದ್ರಾವಕ. ಚಿಮಣಿಯಿಂದ ಕಿಡಿ ಹಾರಿದರೆ ಎಲ್ಲಿ ಬೀಳುತ್ತದೆ ಎಂದು ನಾನು ಮರುಪ್ರಶ್ನೆ ಹಾಕಿದೆ. ಬ್ಯಾಚ್ ನಿಲ್ಲಿಸಿದರು.

ಬಿಚ್ಚಿದ ಬೋಲ್ಟ್‌ಗಳನ್ನು ಬಿಗಿದು, ಉರಿ ಆರಿಸಿ, ರಾತ್ರಿಯಿಡೀ ತಣಿಯಲು ಬಿಟ್ಟೆವು. ಬೆಳಿಗ್ಗೆ ತೆರೆದಾಗಲೂ ಕೆದಕಿದಲ್ಲಿ ಕೆಂಪು ಕಾಣಿಸಿತು.

ಖರೀದಿ ವಿಭಾಗ ಮೊದಲು ಕಳುಹಿಸಿದ್ದು ಅಗ್ಗದ ರಬ್ಬರ್ ಹಾಳೆ. ಆ ಬಿಸಿಗೆ ರಬ್ಬರ್! ವಾಪಸ್ ಕಳುಹಿಸಿ, ಶಾಖ ತಡೆಯುವ ಹಗ್ಗದ ಪ್ಯಾಕಿಂಗ್ ತರಿಸಿಕೊಂಡೆ. ಈಗ ಲಾಗ್ ಪುಸ್ತಕದಲ್ಲಿ ಪ್ರತಿ ಶಿಫ್ಟಿನ ಬೂದಿಯ ತೂಕ ಬರೆಸುತ್ತೇನೆ. ಊದುಬತ್ತಿ ಪರೀಕ್ಷೆ ಸೋಮವಾರಕ್ಕೊಮ್ಮೆ.

ತಿಂಗಳ ಸಭೆಯಲ್ಲಿ ಆ ಪುಸ್ತಕ ತಿರುವಿದ ಮ್ಯಾನೇಜರ್, "ಬೂದಿ ಇದ್ದಕ್ಕಿದ್ದಂತೆ ಹೆಚ್ಚಾಗಿದೆಯಲ್ಲ, ಕಟ್ಟಿಗೆ ಕಳಪೆ ಬರುತ್ತಿದೆಯೇ?" ಎಂದು ಕೇಳಿದರು.